ರಸ್ತೆಗೆ ಕಾಣದ ಮನೆ, ಕೂಗಿಗೆ ಸಿಗುವ ಮನೆ

“ರಸ್ತೆಯಿಂದ ಮನೆ ಕಾಣಬಾರದು. ಆದರೆ ಕಾರು ಅಂಗಳದವರೆಗೂ ಹೋಗಬೇಕು. ಪಕ್ಕದಲ್ಲೊಂದು ಹಳ್ಳ ಇರಲಿ, ಹಿಂದೆ ಕಾಡು ಇರಲಿ, ಹತ್ತಿರದಲ್ಲಿ ಬೇರೆ ಮನೆ ಬೇಡ.”

ಸಾಗರ, ತೀರ್ಥಹಳ್ಳಿ, ಕೊಪ್ಪ, ಶಿರಸಿ ಕಡೆ ಜಮೀನು ತೋರಿಸುವ ಕೆಲಸ ಮಾಡುವವರನ್ನು ಮಾತಾಡಿಸಿ ನೋಡಿ. ಬೆಂಗಳೂರಿನಿಂದ ಫೋನು ಮಾಡುವವರು ಮೊದಲು ಕೇಳುವುದು ಇದನ್ನೇ. ಎಷ್ಟು ಎಕರೆ, ಎಷ್ಟು ಅಡಿಕೆ ಮರ, ಬೇಸಿಗೆಯಲ್ಲಿ ಬಾವಿಯ ನೀರು ಎಲ್ಲಿಗೆ ಇಳಿಯುತ್ತದೆ ಎಂಬುದೆಲ್ಲ ಆಮೇಲಿನ ಮಾತು. ಮೊದಲು ಮರೆ ಬೇಕು.

ಈ ಆಸೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಕಿಟಕಿ ತೆರೆದರೆ ಎದುರಿನವರ ಅಡುಗೆಮನೆ, ಬಾಗಿಲು ತೆರೆದರೆ ಲಿಫ್ಟು, ಮಲಗಿದರೆ ಮೇಲಿನ ಮಹಡಿಯಲ್ಲಿ ಕುರ್ಚಿ ಎಳೆಯುವ ಸದ್ದು. ಇಪ್ಪತ್ತು ವರ್ಷ ಹೀಗೆ ಕಳೆದವರಿಗೆ ಯಾರೂ ನೋಡದ ಒಂದು ಅಂಗಳ ಬೇಕೆನಿಸಿದರೆ ಅದು ತೀರಾ ನ್ಯಾಯವಾದ ಆಸೆ. ಹೀಗೆ ಕೇಳುವವರಲ್ಲಿ ಹಲವರ ಅಜ್ಜನ ಮನೆಯೇ ಅಂಥದ್ದೊಂದು ಮನೆಯಾಗಿತ್ತು. ಓದಿಗೆಂದು, ನೌಕರಿಗೆಂದು ಹೊರಟ ಅಪ್ಪ ತಿರುಗಿ ಬರಲಿಲ್ಲ. ಮಕ್ಕಳಿಗೆ ಬೇಸಿಗೆ ರಜೆಯ ನೆನಪಷ್ಟೇ ಉಳಿಯಿತು. ಅಂಥ ನೆನಪೂ ಇಲ್ಲದವರಿಗೆ ಮೂಡಿಗೆರೆಯ ತೋಟದಲ್ಲಿ ಕೂತು ಬರೆದ ತೇಜಸ್ವಿಯವರ ಪುಸ್ತಕಗಳು ಆ ನೆನಪನ್ನು ಕೊಟ್ಟಿವೆ. ‘ಕರ್ವಾಲೊ’ ಓದಿ ಕಾಡಂಚಿನ ಮನೆಯ ಕನಸು ಕಟ್ಟಿಕೊಂಡವರು ನಮ್ಮಲ್ಲಿ ಒಬ್ಬಿಬ್ಬರಲ್ಲ.

ಹಿಂದೆ ಈ ಕನಸಿಗೆ ಕಾನೂನೇ ಅಡ್ಡವಿತ್ತು. 1961ರ ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳ ಪ್ರಕಾರ ಕೃಷಿಕರಲ್ಲದವರು, ಬೇರೆ ಮೂಲದಿಂದ ವರ್ಷಕ್ಕೆ 25 ಲಕ್ಷ ರೂಪಾಯಿಗಿಂತ ಹೆಚ್ಚು ಆದಾಯ ಇದ್ದವರು ಸಾಗುವಳಿ ಜಮೀನು ಕೊಳ್ಳುವಂತಿರಲಿಲ್ಲ. 2020ರಲ್ಲಿ ಆ ಕಲಮುಗಳನ್ನು ತೆಗೆದುಹಾಕಲಾಯಿತು. ಅದೇ ವರ್ಷ ಕೊರೊನಾ ಬಂತು; ಕಂಪ್ಯೂಟರು ಇದ್ದಲ್ಲೇ ಆಫೀಸು ಎಂಬಂತಾಯಿತು. ಎರಡೂ ಒಟ್ಟಿಗೆ ಒದಗಿದ್ದರಿಂದ ಘಟ್ಟದ ಮೇಲಿನ ಒಳದಾರಿಗಳಲ್ಲಿ ಹೊಸ ಕಾರುಗಳು ಕಾಣಿಸಿಕೊಂಡವು. ಮರೆಯಲ್ಲಿರುವ ಮನೆಯನ್ನು ಹುಡುಕಿಕೊಂಡು ಬರುವವರಿಗೆ ಆ ಮನೆ ಯಾಕೆ ಮರೆಯಲ್ಲಿದೆ ಎನ್ನುವುದು ಗೊತ್ತಿದ್ದರೆ ಒಳ್ಳೆಯದು ಎಂದು ಆಗಿನಿಂದ ಅನಿಸುತ್ತಲೇ ಇದೆ.

ಮಲೆನಾಡಿನ ಒಂಟಿಮನೆಯನ್ನು ಯಾರೂ ಅಡಗಿಕೊಳ್ಳುವುದಕ್ಕೆಂದು ಕಟ್ಟಲಿಲ್ಲ. ಬಯಲುಸೀಮೆಯಲ್ಲಿ ಕೆರೆ ಎಲ್ಲಿದೆಯೋ ಅಲ್ಲಿ ಊರು. ಇರುವುದೊಂದು ನೀರಿನ ಸುತ್ತ ನೂರು ಮನೆ ಗೋಡೆಗೆ ಗೋಡೆ ತಾಗಿಸಿ ನಿಂತವು. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಆ ಕಟ್ಟು ಬೇಕಿರಲಿಲ್ಲ. ಒಂದೊಂದು ಕಣಿವೆಗೂ ಅದರದೇ ಹಳ್ಳವಿತ್ತು, ಒಂದೊಂದು ಹಳ್ಳಕ್ಕೆ ಒಂದೋ ಎರಡೋ ಸಂಸಾರ ಸಾಕಿತ್ತು. ಅಡಿಕೆಗೆ ತಂಪು ಬೇಕು, ಬೇರಿಗೆ ಪಸೆ ಬೇಕು, ಗಾಳಿಯ ಹೊಡೆತ ಬೇಡ, ಇಳಿಹೊತ್ತಿನ ಬಿಸಿಲು ನೇರವಾಗಿ ಕಾಂಡಕ್ಕೆ ಬಡಿದರೆ ಮರ ಸೀಳುತ್ತದೆ. ಹಾಗಾಗಿ ಎರಡು ಗುಡ್ಡಗಳ ನಡುವಿನ ಕಿರಿದಾದ ತಗ್ಗಿನಲ್ಲಿ ತೋಟ ಎದ್ದಿತು. ಸಪಾಟು ನೆಲವೆಲ್ಲ ಗದ್ದೆಗೆ ಹೋಯಿತು. ಉಳಿದದ್ದು ಗುಡ್ಡ ಇಳಿದು ತೋಟಕ್ಕೆ ಸೇರುವ ಅಂಚು. ಮನೆ ಅಲ್ಲಿ ಕೂತಿತು. ಬೆನ್ನ ಹಿಂದೆ ಸೊಪ್ಪಿನಬೆಟ್ಟ. ಗೊಬ್ಬರದ ಗುಂಡಿಗೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಕಟ್ಟಿಗೆ ಅಲ್ಲಿಂದ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಆಡಳಿತವೂ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸವಲತ್ತನ್ನು ಒಪ್ಪಿಕೊಂಡಿತ್ತು. ಬೆಟ್ಟದ ಮೇಲಿನ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಹರಿದು ಬಂದ ಅಬ್ಬಿ ನೀರು ಹಗಲೂ ರಾತ್ರಿ ಬಚ್ಚಲ ಹತ್ತಿರದ ಕಲ್ಲುಮರಿಗೆಗೆ ಬೀಳುತ್ತಿತ್ತು.

ರಸ್ತೆ ಬಂದದ್ದು ತೀರಾ ಆಮೇಲೆ. ಗಾಡಿ ಹೋಗುವುದಕ್ಕೆ ಒಣಗಿದ ಗಟ್ಟಿ ನೆಲ ಬೇಕು. ಹೂಳು ತುಂಬಿದ ಕಣಿವೆಯಲ್ಲಿ ಚಕ್ರ ಓಡುವುದಿಲ್ಲ. ಆದ್ದರಿಂದ ರಸ್ತೆ ದಿಣ್ಣೆ ಹಿಡಿದು ಹೋಯಿತು, ಮನೆ ತಗ್ಗಿನಲ್ಲೇ ಉಳಿಯಿತು. ಇಂದು ಬಸ್ಸಿನಲ್ಲಿ ಕೂತು ನೋಡಿದರೆ ಮೈಲಿಗಟ್ಟಲೆ ಕಾಡೇ ಕಾಣುತ್ತದೆ, ಮನೆಗಳೇ ಇಲ್ಲವೇನೋ ಅನಿಸುತ್ತದೆ. ನಿಜದಲ್ಲಿ ಆ ಕಾಡಿನ ಕೆಳಗೆ ಪ್ರತಿ ತಿರುವಿಗೂ ಒಂದು ಹೆಂಚಿನ ಮಾಡು ಇದೆ.

ಕೊಡಗಿನ ಕತೆ ಸ್ವಲ್ಪ ಬೇರೆ. ಅಲ್ಲಿನ ಐನ್‌ಮನೆಗೆ ಹೋಗುವ ಓಣಿ ಎರಡು ಮಣ್ಣಿನ ದಿಬ್ಬಗಳ ನಡುವೆ ತಿರುಗಿ ತಿರುಗಿ ಸಾಗುತ್ತದೆ. ಕಾಳಗ ಕಂಡ ನಾಡು ಅದು, ಊರೂರಿಗೂ ಕಡಂಗವೆಂಬ ಕಂದಕ ತೋಡಿದ ನಾಡು. ಅಲ್ಲಿ ಮರೆಗೆ ಭದ್ರತೆಯ ಅರ್ಥವೂ ಇತ್ತು. ಆದರೂ ಆ ಓಣಿಯ ಕೊನೆಯಲ್ಲಿದ್ದದ್ದು ಒಬ್ಬರೋ ಇಬ್ಬರೋ ಬಾಳುವ ಮನೆಯಲ್ಲ, ಇಡೀ ಒಕ್ಕ, ಅಂದರೆ ಒಂದು ಮನೆತನದವರೆಲ್ಲ, ಕೂಡುವ ಮನೆ.

ಸಾಗರ ತಾಲ್ಲೂಕಿನ ಒಳಗೆ ನನ್ನ ಅತ್ತೆಯೊಬ್ಬರ ಮನೆಯಿದೆ. ಡಾಂಬರು ರಸ್ತೆಯಲ್ಲಿ ಅದಕ್ಕೆ ಬೋರ್ಡಿಲ್ಲ, ಗುರುತಿಗೆ ಒಂದು ಹಲಸಿನ ಮರ ಮಾತ್ರ. ಮರದ ಪಕ್ಕದಲ್ಲಿ ಅಗಳ ದಾಟಿದರೆ ಉಣುಗೋಲು. ಎರಡು ಕಡೆ ತೂತು ಕೊರೆದ ಮರದ ಗೂಟ, ಅದರೊಳಗೆ ಅಡ್ಡ ತೂರಿಸಿದ ಬಿದಿರಿನ ಗಳು. ಒಂದೊಂದೇ ಗಳು ಸರಿಸಿ ಒಳಗೆ ಹೋಗಬೇಕು, ತಿರುಗಿ ನಿಂತು ಒಂದೊಂದೇ ಗಳು ಮುಂಚಿನಂತೆ ಏರಿಸಬೇಕು. ದನಕ್ಕೆ ಅದು ತಡೆ, ಮನುಷ್ಯರಿಗಲ್ಲ. ಅಲ್ಲಿಂದ ಮುಂದೆ ಒಬ್ಬರ ಬ್ಯಾಣದಲ್ಲಿ ಹಾದು, ಇನ್ನೊಬ್ಬರ ತೋಟದ ಮೇಲಂಚು ಹಿಡಿದು, ಹಳ್ಳಕ್ಕೆ ಇಳಿದರೆ ಎರಡು ಅಡಿಕೆ ಮರ ಜೋಡಿಸಿ ಹಾಕಿದ ಸಂಕ. ಹಿಡಿದುಕೊಳ್ಳಲು ಒಂದೇ ಬದಿಗೆ ಬಿದಿರಿನ ಕೈತಾಂಗು. ಪ್ರತಿ ವರ್ಷ ಮಳೆಗೆ ಮುಂಚೆ ಹಳೆಯ ಮರ ತೆಗೆದು ಹೊಸದು ಹಾಕುತ್ತಾರೆ. ಯಾರ ತೋಟದ ಮರ ಬಿದ್ದಿದೆಯೋ ಅವರದು ಮರ, ಉಳಿದವರದು ಹೆಗಲು.

ದಾರಿಯಲ್ಲಿ ಮೊದಲು ಸಿಗುವ ಮನೆಯ ನಾಯಿ ಬೊಗಳುತ್ತದೆ. ಸಂಕ ದಾಟಿ ಮೇಲೇರುವಷ್ಟರಲ್ಲಿ ಅತ್ತೆ ಜಗುಲಿಗೆ ಬಂದು ನಿಂತಿರುತ್ತಾರೆ. “ಮೇಲಿನ ಮನೆ ನಾಯಿ ಕೂಗಿದಾಗ್ಲೇ ಗೊತ್ತಾತು, ಯಾರೋ ಬಂದ ಅಂತ. ಕಾಲು ತೊಳ್ಕ. ಆಸರಿಗೆ ಎಂತ ಮಾಡ್ಲಿ?” ಒಳಗೆ ಒಲೆಯ ಮೇಲೆ ಆಗಲೇ ನೀರು ಕಾಯುತ್ತಿರುತ್ತದೆ.

ಮಾವ ಹೋದಮೇಲೆ ಅವರು ಆ ಮನೆಯಲ್ಲಿ ಒಬ್ಬರೇ. ತೋಟದ ಆಚೆ ದಡದಲ್ಲಿ ಇನ್ನೊಂದು ಮನೆ, ಅದೂ ಇಲ್ಲಿಂದ ಕಾಣುವುದಿಲ್ಲ. ಬೆಳಿಗ್ಗೆ ಕೊಟ್ಟಿಗೆ ಕೆಲಸ ಮುಗಿಸಿ ಅತ್ತೆ ಅಂಗಳದ ತುದಿಯಲ್ಲಿ ನಿಂತು ಒಂದು ಕೂ ಹಾಕುತ್ತಾರೆ. ಆ ಕಡೆಯಿಂದ ಇನ್ನೊಂದು ಕೂ ಬರುತ್ತದೆ. ಅಷ್ಟೇ, ಮಾತಿಲ್ಲ. ಒಂದು ದಿನ ಈಚೆಯಿಂದ ಕೂಗು ಹೋಗದಿದ್ದರೆ ಆಚೆಯವರು ಹತ್ತು ನಿಮಿಷದಲ್ಲಿ ಸಂಕ ದಾಟಿ ಬರುತ್ತಾರೆ. ಜ್ವರ ಬಂದು ಮಲಗಿದ್ದಾಗ ಹಾಗೆ ಬಂದದ್ದೂ ಉಂಟು. ನಮ್ಮ ಹಿರಿಯರು ಮನೆ ಕಟ್ಟುವಾಗ ಕಣ್ಣಿನಿಂದ ಮರೆಯಾಗಲು ಹೆದರಲಿಲ್ಲ. ಕಿವಿಯಿಂದ ಮರೆಯಾಗಬಾರದು ಎಂಬ ಎಚ್ಚರ ಮಾತ್ರ ಅವರಿಗಿತ್ತು. ಮಲೆನಾಡಿನಲ್ಲಿ ಅಕ್ಕಪಕ್ಕದ ಮನೆಗಳ ದೂರವನ್ನು ಇಂದಿಗೂ ಕೂಗಳತೆಯಲ್ಲೇ ಹೇಳುತ್ತಾರೆ. ನಾಟಿಗೆ ಮುಯ್ಯಾಳು ಹೋಗುವುದು, ಕೊಯ್ಲಿನ ಕಾಲದಲ್ಲಿ ಒಬ್ಬರ ಮನೆಯ ಅಂಗಳದಲ್ಲಿ ಹತ್ತು ಮನೆಯವರು ಮೆಟ್ಟುಗತ್ತಿ ಇಟ್ಟುಕೊಂಡು ನಡುರಾತ್ರಿವರೆಗೆ ಅಡಿಕೆ ಸುಲಿಯುವುದು, ಸತ್ತವರ ಮನೆಗೆ ಕಟ್ಟಿಗೆ ಹೊರುವುದು, ಇವೆಲ್ಲ ನಡೆದದ್ದು ಆ ಕಾಲುದಾರಿಯ ಮೇಲೆಯೇ.

ಪಟ್ಟಣದವರು ಕೊಳ್ಳಬಯಸುವ ಮನೆಯಿಂದ ಅದರ ಯಜಮಾನ ಯಾಕೆ ಹೊರಡುತ್ತಿದ್ದಾನೆ ಎನ್ನುವುದನ್ನೂ ಹೇಳಬೇಕು. ಅಡಿಕೆ ಗೊನೆ ಇಳಿಸುವ ಕೊನೆಗಾರರು ಸಿಗುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಬಿಡುವಿನ ದಿನಕ್ಕಾಗಿ ಆಕಾಶ ನೋಡುತ್ತ ಕೂರಬೇಕು. ಈಚೆಗೆ ಎಲೆಚುಕ್ಕಿ ರೋಗ ಬೇರೆ. ಮಂಗಗಳ ಕಾಟಕ್ಕೆ ತೆಂಗು, ಬಾಳೆ, ಏಲಕ್ಕಿ ಒಂದೂ ಕೈಗೆ ಹತ್ತದು. ಶಾಲೆಯ ವ್ಯಾನು ಡಾಂಬರು ರಸ್ತೆಯಲ್ಲೇ ನಿಲ್ಲುತ್ತದೆ. ರಾತ್ರಿ ಎದೆನೋವು ಬಂದರೆ ಕಂಬಳಿಯ ಜೋಲಿ ಕಟ್ಟಿ ನಾಲ್ಕು ಜನ ಹೊರಬೇಕು, ನಾಲ್ಕು ಜನ ಗಂಡಸರು ಈಗ ಯಾವ ಮನೆಯಲ್ಲಿದ್ದಾರೆ? 2020ರಲ್ಲಿ ಪಾಠವೆಲ್ಲ ಫೋನಿನಲ್ಲಿ ಎಂದಾಗ ಮಕ್ಕಳು ಸಿಗ್ನಲ್ಲಿಗಾಗಿ ಗುಡ್ಡದ ನೆತ್ತಿಗೆ ಹೋಗಿ ಮಳೆಯಲ್ಲಿ ಕೊಡೆ ಹಿಡಿದು ಕೂತರು. ಹೀಗಾಗಿ ಸ್ವಲ್ಪ ಶಕ್ತಿ ಇದ್ದವರೆಲ್ಲ ರಸ್ತೆ ಬದಿಗೆ ಒಂದು ತಾರಸಿ ಮನೆ ಕಟ್ಟಿಕೊಂಡು ಮೇಲೆ ಬಂದಿದ್ದಾರೆ. ಕೆಳಗಿನ ಹಳೆಯ ಮನೆಯನ್ನು ಬಿಚ್ಚಿ ಕಂಬ, ತೊಲೆ ಮಾರಿದ್ದಾರೆ, ಇಲ್ಲವೇ ಅಡಿಕೆ ಒಣಗಿಸಲು ಬಿಟ್ಟಿದ್ದಾರೆ.

ಸರ್ಕಾರದ ಲೆಕ್ಕವೂ ಒಂಟಿಮನೆಯವರಿಗೆ ಒಲಿಯಲಿಲ್ಲ. 2000ದ ಡಿಸೆಂಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲು ಪ್ರದೇಶದಲ್ಲಿ 500, ಗುಡ್ಡಗಾಡು ರಾಜ್ಯ ಮತ್ತು ಬುಡಕಟ್ಟು ಪ್ರದೇಶದಲ್ಲಿ 250 ಜನಸಂಖ್ಯೆ ಇರುವ ಜನವಸತಿಯನ್ನು ಅಳತೆಗೋಲಾಗಿ ಇಟ್ಟುಕೊಂಡಿತು. ಗುಂಪಾಗಿ ಬಾಳುವ ಊರಿಗೆ ಈ ಲೆಕ್ಕ ಸರಿ. ಒಂದು ಕಣಿವೆಗೆ ಎರಡು ಮನೆ ಇರುವಲ್ಲಿ ಐನೂರು ತಲೆ ಎಲ್ಲಿಂದ ತರುವುದು? ಹೊಳೆಯಾಚೆಯವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿಕೊಟ್ಟರು. ಮುಂದೆ ಬೇರೆ ಬೇರೆ ರಾಜ್ಯಗಳಲ್ಲಿ ಅಂಥ ನೂರಕ್ಕೂ ಹೆಚ್ಚು ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಕಾಲ್ನಡಿಗೆಯ ಒಂದು ಸೇತುವೆಗೆ ಜನ ಎಷ್ಟು ಕಾದಿದ್ದರು ಎನ್ನುವುದು ಅವರ ಕೆಲಸದ ಪಟ್ಟಿ ನೋಡಿದರೆ ಗೊತ್ತಾಗುತ್ತದೆ.

ಬೇಡದೆ ಬಂದ ಏಕಾಂತ ಹೇಗಿರುತ್ತದೆ ಎಂದು ತಿಳಿಯಬೇಕಾದರೆ ಶರಾವತಿ ಹಿನ್ನೀರಿನ ಆಚೆ ದಡಕ್ಕೆ ಹೋಗಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಸಾಗರ, ಹೊಸನಗರ ಸೀಮೆಯ ಸಾವಿರಾರು ಸಂಸಾರ ಮನೆ ಮಠ ಬಿಟ್ಟು ಎದ್ದವು. ತುಮರಿ, ಬ್ಯಾಕೋಡು ಕಡೆಯ ಊರುಗಳು ನೀರಿನಾಚೆ ಉಳಿದವು. ನಾಡಿಗೆಲ್ಲ ದೀಪ ಕೊಟ್ಟವರು ತಾಲ್ಲೂಕು ಕಚೇರಿಗೆ ಹೋಗಲು ಲಾಂಚು ಕಾಯಬೇಕಾಯಿತು. ಸಂಜೆ ಕೊನೆಯ ಲಾಂಚು ಹೋದರೆ ಬೆಳಗಿನವರೆಗೆ ಆ ದಾರಿ ಇಲ್ಲ. ಹೆರಿಗೆಯಾಗಲಿ, ಹಾವು ಕಚ್ಚಲಿ, ಕಾಡಿನಲ್ಲಿ ಸುತ್ತಿಬಳಸಿ ಹೋಗಬೇಕು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈಯಲ್ಲಿ. ಅರವತ್ತು ವರ್ಷ. ‘ಎಲ್ಲರಿಂದ ದೂರ, ನೀರಿನ ಪಕ್ಕ, ಕಾಡಿನ ನಡುವೆ’ ಎನ್ನುವ ಮಾತು ಆ ಜನರಿಗೆ ಎಂದೂ ಜಾಹೀರಾತಿನಂತೆ ಕೇಳಿರಲಾರದು.

ಇನ್ನು ಹೊಸದಾಗಿ ಬರುವವರ ವಿಷಯ. ಬರಲಿ, ಬರಬೇಕು. ಬೀಗ ಹಾಕಿದ ಮನೆಗಿಂತ ದೀಪ ಹಚ್ಚುವವರಿರುವ ಮನೆ ಮೇಲು. ನನ್ನ ತಕರಾರು ಎರಡೇ ಕಡೆ.

ಮೊದಲನೆಯದು ಗೇಟು. ಉಣುಗೋಲು ಇದ್ದ ಜಾಗಕ್ಕೆ ಕಬ್ಬಿಣದ ಗೇಟು ಬರುತ್ತದೆ, ಬೀಗ ಬೀಳುತ್ತದೆ, ಬೇಲಿಗೆ ಸೌರ ತಂತಿ ಬರುತ್ತದೆ. ಕೊಂಡವರ ಮನಸ್ಸಿನಲ್ಲಿ ಅದು ತಮ್ಮ ಜಮೀನಿನ ರಕ್ಷಣೆ ಅಷ್ಟೇ. ಆದರೆ ಆ ಜಮೀನಿನ ಮೂಲಕ ಹಿಂದಿನ ಎರಡು ಮನೆಗೆ ದಾರಿ ಇತ್ತು. ಹಳೆಯ ಯಜಮಾನರು ಯಾರೂ ಅದನ್ನು ಬರೆದುಕೊಟ್ಟಿರಲಿಲ್ಲ, ಬರೆದುಕೊಡುವುದು ಬೇಕೆಂದು ಯಾರಿಗೂ ತೋಚಿರಲಿಲ್ಲ. ನನ್ನ ನೆಂಟರಲ್ಲೇ ಒಬ್ಬರು ಹೀಗೆ ದಾರಿ ಕಳೆದುಕೊಂಡು ಕೋರ್ಟು ಅಲೆಯುತ್ತಿದ್ದಾರೆ. ಹಾಲು ಹಾಕಲು ಮೊದಲು ಕಾಲು ಗಂಟೆಯ ದಾರಿ, ಈಗ ಗುಡ್ಡ ಸುತ್ತಿ ಮುಕ್ಕಾಲು ಗಂಟೆ. ಕಾನೂನು ಇಲ್ಲವೆಂದಲ್ಲ. 1882ರ ಈಸ್‌ಮೆಂಟ್ ಕಾಯ್ದೆಯಂತೆ ಇಪ್ಪತ್ತು ವರ್ಷ ಎಡೆಬಿಡದೆ, ಹಕ್ಕಿನಂತೆ, ಎಲ್ಲರಿಗೂ ಕಾಣುವಂತೆ ನಡೆದ ದಾರಿಗೆ ಹಕ್ಕು ಹುಟ್ಟುತ್ತದೆ. ಒಂದೇ ಹಿಡುವಳಿ ಒಡೆದು ಪಾಲಾದಾಗ ಬೇರೆ ದಾರಿಯೇ ಇಲ್ಲದ ಪಾಲಿಗೆ ಅನಿವಾರ್ಯದ ಹಕ್ಕೂ ಉಂಟು. ಗ್ರಾಮ ನಕ್ಷೆಯಲ್ಲಿ ಹಳೆಯ ಕಾಲುದಾರಿ, ಬಂಡಿದಾರಿಗಳನ್ನು ಚುಕ್ಕೆ ಗೆರೆಯಲ್ಲಿ ತೋರಿಸಿರುತ್ತಾರೆ. ದಾರಿ, ಹಳ್ಳಗಳ ಜಾಗ ಬಿ ಖರಾಬಿನಲ್ಲಿ ಸೇರಿದ್ದರೆ ಅದು ಸಾರ್ವಜನಿಕರದು. ಆದರೆ ಎಪ್ಪತ್ತು ದಾಟಿದವರು ಚುಕ್ಕೆ ಗೆರೆ ಹಿಡಿದುಕೊಂಡು ವಕೀಲರ ಬಾಗಿಲಿಗೆ ಹೋಗುವಂತೆ ಮಾಡುವುದು ನೆರೆಹೊರೆಯ ಲಕ್ಷಣವಲ್ಲ. ಜಮೀನು ತೋರಿಸುವವರು ಪಹಣಿ ಕೊಡುತ್ತಾರೆ, 11ಇ ನಕ್ಷೆ ಕೊಡುತ್ತಾರೆ. ‘ಈ ದಾರಿಯಲ್ಲಿ ಇನ್ನು ಯಾರು ನಡೆಯುತ್ತಾರೆ’ ಎಂದು ಕೊಳ್ಳುವವರು ತಾವಾಗಿ ಕೇಳಬೇಕು.

ಎರಡನೆಯದು ಜೆಸಿಬಿ. ಹಳೆಯ ಮನೆಗಳು ಗುಡ್ಡದ ಬುಡದಲ್ಲಿ ಎಲ್ಲಿ ನೆಲ ಎಷ್ಟು ಜಾಗ ಕೊಟ್ಟಿತೋ ಅಷ್ಟರಲ್ಲಿ ನಿಂತವು. ಧರೆ ಕಡಿದರೂ ಕೈಯಳತೆಯಲ್ಲಿ ಕಡಿದರು. ಈಗ ಕಾರು ತಿರುಗಲು ಅಂಗಳ ಬೇಕು, ಕಣಿವೆ ಕಾಣುವ ಎತ್ತರ ಬೇಕು ಎಂದು ನಡುಗುಡ್ಡವನ್ನು ನೆಟ್ಟಗೆ ಸೀಳುತ್ತಾರೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿ ಊರುಗಳೇ ಮಣ್ಣಾದಾಗ, ವಿಪರೀತ ಮಳೆಯ ಜೊತೆಗೆ ಇಳಿಜಾರನ್ನು ಹೀಗೆ ಕಡಿದದ್ದೂ ಕಾರಣವೆಂದು ಭೂಗರ್ಭ ತಜ್ಞರು ಹೇಳಿದರು. ಗುಡ್ಡದೊಳಗೆ ನೀರು ಇಳಿಯುವ ದಾರಿ ತಪ್ಪಿದರೆ ಅದು ಬೇರೆ ಕಡೆ ಒಡೆದುಕೊಂಡು ಬರುತ್ತದೆ, ಬರುವಾಗ ಕೆಳಗಿನ ಮನೆಯವರ ಹೆಸರು ಕೇಳುವುದಿಲ್ಲ.

ಮನೆ ನೋಡಲು ಜನ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಬರುತ್ತಾರೆ. ಹವೆ ತಂಪು, ಹಳ್ಳದಲ್ಲಿ ನೀರು, ದಾರಿ ಒಣಗಿರುತ್ತದೆ. ನನ್ನನ್ನು ಕೇಳಿದರೆ ಆಷಾಢದಲ್ಲಿ ಬಂದು ಎಂಟು ದಿನ ಇರಿ ಎನ್ನುತ್ತೇನೆ. ಕರೆಂಟು ಹೋಗಿ ಮೂರು ದಿನವಾಗಿರಬೇಕು, ಜಗುಲಿಗೆ ಸೋಗೆಯ ತಟ್ಟಿ ಕಟ್ಟಿ ಮನೆಯೊಳಗೆ ಮಧ್ಯಾಹ್ನವೇ ಕತ್ತಲಾಗಿರಬೇಕು, ಹಾಸಿಗೆ ಬಟ್ಟೆ ಒಣಗದೆ ಬಚ್ಚಲ ಒಲೆಯ ಮೇಲೆ ಹರಡಿರಬೇಕು, ಕಾಲಿಗೆ ಉಂಬಳ ಹತ್ತಿರಬೇಕು. ಆಗಲೂ ಆ ಮನೆ ಬೇಕೆನಿಸಿದರೆ ಕೊಳ್ಳಿ. ಬೇಸಿಗೆಯಲ್ಲೂ ಒಮ್ಮೆ ಬನ್ನಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. ಸಾಗರದ ಅರಳಗೋಡು ಭಾಗದಲ್ಲಿ 2019ರ ಹೊತ್ತಿಗೆ ಅದು ಮನೆಮನೆಗೆ ಸಾವು ನೋವು ತಂದಿತು. ಉಣುಗಿನಿಂದ ಹರಡುವ ರೋಗ ಅದು. ದರಗು ಗುಡಿಸಲು ಬೆಟ್ಟಕ್ಕೆ ಹೋಗುವ ಹೆಂಗಸರಿಗೆ ಆರೋಗ್ಯ ಇಲಾಖೆಯವರು ಮೈಗೆ ಸವರಿಕೊಳ್ಳಲು ಡೇಪಾ ತೈಲ ಹಂಚುತ್ತಾರೆ. ಕಾಡಂಚಿನಲ್ಲಿ ಇರುವುದೆಂದರೆ ಯಾವ ತಿಂಗಳಲ್ಲಿ ಯಾವ ಹಕ್ಕಲಿಗೆ ಕಾಲಿಡಬಾರದು ಎಂಬುದನ್ನು ಪಕ್ಕದ ಮನೆಯವರಿಂದ ಕೇಳಿ ತಿಳಿಯುವುದು. ಪಕ್ಕದ ಮನೆಯೇ ಬೇಡವೆಂದರೆ ಅದನ್ನು ಹೇಳುವವರು ಯಾರು?

ಅತ್ತೆಯ ಮನೆಯಿಂದ ಎರಡು ಕಣಿವೆ ಆಚೆ ಒಂದು ಹಳೆಯ ಮನೆಯನ್ನು ಬೆಂಗಳೂರಿನ ದಂಪತಿ ಕೊಂಡಿದ್ದಾರೆ. ಮನೆಯನ್ನು ಕೆಡವಲಿಲ್ಲ. ಗೆದ್ದಲು ಹಿಡಿದ ಪಕಾಸಿ ಬದಲಿಸಿ, ಹೆಂಚು ತಿರುವಿ ಹಾಕಿಸಿದರು. ಕಾರನ್ನು ರಸ್ತೆ ಬದಿಯಲ್ಲೇ ನಿಲ್ಲಿಸಿ ನಡೆದು ಹೋಗುತ್ತಾರೆ. ಉಣುಗೋಲನ್ನು ಹಾಗೇ ಇಟ್ಟುಕೊಂಡಿದ್ದಾರೆ. ಹಿಂದಿನ ಮನೆಯವರು ಹಾಲಿನ ಕ್ಯಾನು ಹಿಡಿದು ಅವರ ಅಂಗಳದ ಬದಿಯಿಂದಲೇ ದಿನಾ ಹೋಗುತ್ತಾರೆ. ದಂಪತಿಯ ಬಗ್ಗೆ ಆ ಹಿಂದಿನ ಮನೆಯ ಯಜಮಾನರನ್ನು ಕೇಳಿದೆ.

“ಒಳ್ಳೆ ಜನ ಮಾರಾಯ್ರೆ. ದಾರಿಗೆ ಒಂದು ಮಾತು ಆಡ್ಲಿಲ್ಲ. ಹೋದ ವರ್ಷ ಸಂಕ ಹಾಕೋ ಹೊತ್ತಿಗೆ ಅವ್ರು ಊರಲ್ಲಿ ಇರ್ಲಿಲ್ಲ, ಒಂದು ಆಳಿನ ದುಡ್ಡು ಕಳ್ಸಿದ್ರು. ನಾನು ತಿರುಗಿ ಕೊಟ್ಟೆ. ದುಡ್ಡು ಬ್ಯಾಡ, ಬರೋ ವರ್ಷ ನೀವೇ ಬಂದು ಒಂದು ತುದಿ ಹಿಡೀರಿ ಅಂದೆ. ಈ ಸಲ ಮೇ ಕೊನೆಗೆ ಗಂಡ ಹೆಂಡತಿ ಇಬ್ರೂ ಬಂದಿದ್ರು. ಮರ ಹೊರೋದು ಅವ್ರಿಗೆ ಬರಲ್ಲ, ಆದ್ರೂ ಹೊತ್ರು.”